ಕೊಳವೆಬಾವಿಯ ಫ್ಲೋರೈಡಿಗೆ ಬೆಳಕಿನ ಬಲೆ

ಕೆರೆಬಿಳಚಿಯ ಆಸುಪಾಸಿನವರಿಗೆ ಸೂಳೆಕೆರೆ ಇದೆ. ಶಾಂತಿಸಾಗರವೆಂದೂ ಕರೆಸಿಕೊಳ್ಳುವ ಆ ಕೆರೆಯ ನೀರು ಚಿತ್ರದುರ್ಗದವರೆಗೂ ಕುಡಿಯಲು ಹೋಗುತ್ತದೆ. ದಾವಣಗೆರೆ ಜಿಲ್ಲೆಯ ಇನ್ನೊಂದು ತುದಿಯ ಜಗಳೂರಿಗೆ ಆ ಭಾಗ್ಯ ಇರಲಿಲ್ಲ. ಅಲ್ಲಿ ಬಹುಕಾಲ ಕೊಳವೆಬಾವಿಯೇ ಗತಿ. ಬಂಡೆಯ ಸಂದಿನಲ್ಲಿ ನಿಂತ ನೀರು ಬಂಡೆಯೊಳಗಿನ ಫ್ಲೋರೈಡನ್ನೂ ಕರಗಿಸಿಕೊಂಡು ಮೇಲೆ ಬರುತ್ತದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು ಎನ್ನುತ್ತದೆ ಭಾರತೀಯ ಮಾನಕ. ಮಿತಿ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಮಕ್ಕಳ ಹಲ್ಲಿಗೆ ಕಂದು ಕಲೆ, ಆಮೇಲೆ ದೊಡ್ಡವರ ಮೂಳೆಗೆ ಬಿಗಿತ. ನಮ್ಮ ದೇಶದಲ್ಲಿ ಈ ಕಾಯಿಲೆ ದಾಖಲಾದದ್ದು 1937ರಲ್ಲಿ, ಅಂದಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರಿನಲ್ಲಿ.

ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕೊಡದ ನೀರು ತಿಳಿಯಾಗಿಯೇ ಇರುತ್ತದೆ. ನೀರಿನಲ್ಲಿರುವ ಫ್ಲೋರೈಡಿನಂಥ ಒಂದು ನಿರ್ದಿಷ್ಟ ಅಯಾನನ್ನು ಹುಡುಕಿ ಹಿಡಿದು, ಹಿಡಿದೆನೆಂದು ಬೆಳಕಿನಿಂದಲೇ ಹೇಳುವ ಅಣುವನ್ನು ಕಟ್ಟಬಹುದೇ? ಪ್ರತಿದೀಪ್ತಿ ಸಂವೇದಕಗಳ ವಿದ್ಯೆ ಹುಟ್ಟಿದ್ದು ಈ ಪ್ರಶ್ನೆಯಿಂದ. ಪ್ರತಿದೀಪ್ತಿಯೆಂದರೆ ಅತಿನೇರಳೆಯಂಥ ಬೆಳಕನ್ನು ಹೀರಿ ಬೇರೆ ಬಣ್ಣದಲ್ಲಿ ಹೊಳೆಯುವ ಗುಣ. ನೋಟಿನೊಳಗಿನ ಎಳೆ ನೇರಳೆ ಟಾರ್ಚಿಗೆ ಹೊಳೆಯುವುದು ಹೀಗೆಯೇ.

ಫ್ಲೋರೈಟ್ ಎಂಬ ಒಂದೇ ಕಲ್ಲು ಈ ಕತೆಯ ಎರಡೂ ಕಡೆ ನಿಂತಿದೆ. 1845ರಲ್ಲಿ ಜಾನ್ ಹರ್ಶೆಲ್ ಕ್ವಿನೈನ್ ದ್ರಾವಣದ ಮೇಲ್ಮೈಯಲ್ಲಿ ನೀಲಿ ಹೊಳಪನ್ನು ಕಂಡರು. 1852ರಲ್ಲಿ ಜಾರ್ಜ್ ಸ್ಟೋಕ್ಸ್ ಅದರ ಕಾರಣ ಬಿಡಿಸಿ ‘ಫ್ಲೋರೆಸೆನ್ಸ್’ ಎಂದು ಹೆಸರಿಟ್ಟರು. ಹಾಗೆಯೇ ಹೊಳೆಯುವ ಫ್ಲೋರೈಟಿನಿಂದ ಎತ್ತಿಕೊಂಡ ಹೆಸರದು. ಫ್ಲೋರಿನ್ ಧಾತುವಿಗೂ ಹೆಸರು ಬಂದದ್ದು ಅದೇ ಕಲ್ಲಿನಿಂದ. ಗಟ್ಟಿ ಬಂಡೆಯ ಸೀಮೆಗಳಲ್ಲಿ ನೀರಿಗೆ ಫ್ಲೋರೈಡ್ ಬಿಡುವ ಖನಿಜಗಳಲ್ಲಿಯೂ ಅದೊಂದು.

1867ರಲ್ಲಿ ಫ್ರೀಡ್ರಿಕ್ ಗೊಪೆಲ್ಸ್‌ರೋಡರ್ ಮರದಿಂದ ತೆಗೆದ ಮೊರಿನ್ ಎಂಬ ಬಣ್ಣವನ್ನು ಅಲ್ಯೂಮಿನಿಯಂ ಇರುವ ದ್ರಾವಣಕ್ಕೆ ಹಾಕಿದರು. ಹಸಿರು ಹೊಳಪು ಎದ್ದಿತು. ಲೋಹವೊಂದನ್ನು ಹೊಳಪಿನಿಂದ ಗುರುತಿಸಿದ ಮೊದಲ ಪ್ರಯೋಗ ಅದು. ಅದೇ ಜೋಡಿಗೆ ಫ್ಲೋರೈಡ್ ಬಿದ್ದರೆ ಅದು ಅಲ್ಯೂಮಿನಿಯಮ್ಮನ್ನು ತನ್ನತ್ತ ಸೆಳೆದುಕೊಂಡು ಹೊಳಪನ್ನು ಆರಿಸುತ್ತದೆ. ಇದು ಮುಂದೆ ನೆನಪಿರಲಿ.

ಆಮೇಲೆ ನೂರು ವರ್ಷ ನಡೆದದ್ದು ಹೆಚ್ಚಾಗಿ ಇದ್ದ ಬಣ್ಣಗಳನ್ನು ಹಾಕಿ ನೋಡುವ ಕೆಲಸ. 1967ರಲ್ಲಿ ಚಾರ್ಲ್ಸ್ ಪೆಡರ್ಸನ್ ಉಂಗುರದಂಥ ಕ್ರೌನ್ ಈಥರ್‌ಗಳನ್ನು ಪ್ರಕಟಿಸಿದಾಗ, ಅಯಾನಿನ ಅಳತೆಗೆ ಸರಿಯಾಗಿ ಗೂಡು ಕಟ್ಟಬಹುದೆಂದು ಗೊತ್ತಾಯಿತು. 1980ರಲ್ಲಿ ರೋಜರ್ ಚೆನ್ ಜೀವಕೋಶದೊಳಗಿನ ಕ್ಯಾಲ್ಸಿಯಂ ಅಳೆಯುವ ಅಣು ಕಟ್ಟಿದರು. ಅದರ ಸುತ್ತ ಬೇಕಾದಷ್ಟಿರುವ ಮೆಗ್ನೀಸಿಯಂಗೆ ಅದು ಮೋಸಹೋಗುತ್ತಿರಲಿಲ್ಲ. 1985ರ ಅವರ ಫ್ಯೂರಾ-2 ಇಂದಿಗೂ ಪ್ರಯೋಗಾಲಯಗಳಲ್ಲಿದೆ.

ವಿನ್ಯಾಸಕ್ಕೊಂದು ವ್ಯಾಕರಣ ಕೊಟ್ಟವರು ಶ್ರೀಲಂಕಾದಲ್ಲಿ ಹುಟ್ಟಿ ಬೆಲ್‌ಫಾಸ್ಟಿನಲ್ಲಿ ಕೆಲಸ ಮಾಡಿದ ಎ. ಪಿ. ಡಿ ಸಿಲ್ವ. ಹೊಳೆಯುವ ಭಾಗ, ಹಿಡಿಯುವ ಭಾಗ, ನಡುವೆ ಗಿಡ್ಡದೊಂದು ಕೊಂಡಿ. ಗೂಡು ಖಾಲಿಯಿದ್ದಾಗ ಅದರ ನೈಟ್ರೋಜನ್ನಿನ ಎಲೆಕ್ಟ್ರಾನ್ ಹೊಳೆಯುವ ಭಾಗಕ್ಕೆ ಹಾರಿ ಬೆಳಕನ್ನು ಕೆಡಿಸುತ್ತದೆ. ಅಯಾನು ಬಂದು ಕೂತರೆ ಎಲೆಕ್ಟ್ರಾನ್ ಅದಕ್ಕೆ ಕಟ್ಟುಬೀಳುತ್ತದೆ, ದೀಪ ಹತ್ತುತ್ತದೆ. ಇಷ್ಟು ಸರಳವಾದ ಮಾತು ಇಷ್ಟು ದೂರ ನಡೆದದ್ದು ನನಗೆ ಈ ಕ್ಷೇತ್ರದ ಅತಿ ದೊಡ್ಡ ಸೊಗಸು. ರಕ್ತದ ಸೋಡಿಯಂ, ಪೊಟ್ಯಾಸಿಯಂ ಅಳೆಯುವ ಉಪಕರಣಗಳಿಗೂ ಇದೇ ತತ್ವ ಹೋಯಿತು.

ತಾಮ್ರದ ಕತೆ ಅಡಿಕೆ ಬೆಳೆಗಾರರಿಗೆ ಹತ್ತಿರದ್ದು. ಕೊಳೆರೋಗಕ್ಕೆ ನಾವು ಹೊಡೆಯುವ ಬೋರ್ಡೋ ದ್ರಾವಣದ ಮೈಲುತುತ್ತ ತಾಮ್ರದ ಲವಣ. ತಾಮ್ರ ಸಾಮಾನ್ಯವಾಗಿ ಹೊಳಪನ್ನು ನುಂಗುತ್ತದೆ. 1997ರಲ್ಲಿ ಆಂಟನಿ ಝಾರ್ನಿಕ್ ಮತ್ತು ಸಂಗಡಿಗರು ಬಣ್ಣವಿಲ್ಲದೆ ಮುದುಡಿಕೊಂಡ ರೋಡಮಿನ್ ಅಣುವನ್ನು ತಾಮ್ರದ ಕೈಯಲ್ಲೇ ಬಿಚ್ಚಿಸಿ ಹೊಳೆಯಿಸಿದರು, ಅದೂ ನೀರಿನಲ್ಲಿ.

ಫ್ಲೋರೈಡಿನ ವಿಷಯದಲ್ಲಿ ತೊಡಕಾದದ್ದು ಆ ನೀರೇ. ಫ್ಲೋರೈಡನ್ನು ನೀರಿನ ಅಣುಗಳು ಬಿಗಿಯಾಗಿ ಸುತ್ತಿಕೊಂಡಿರುತ್ತವೆ. 1.5 ಮಿಲಿಗ್ರಾಂ ಮಟ್ಟದಲ್ಲಿ ಒಂದು ಫ್ಲೋರೈಡಿಗೆ ಸುಮಾರು ಏಳು ಲಕ್ಷ ನೀರಿನ ಅಣುಗಳು ಎಂದು ಲೆಕ್ಕ ಹಾಕಬಹುದು. ಬೋರಾನಿನ ಖಾಲಿ ಜಾಗಕ್ಕೆ ಫ್ಲೋರೈಡ್ ಬಂದು ಕೂರುವಂತೆ ಮಾಡುವುದು ಒಂದು ದಾರಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿ. ತಿಲಗರ್ ಅವರ ತಂಡ ಇಂಥ ಬೋರಾನ್ ಅಣುಗಳನ್ನು ಕಟ್ಟಿದೆ. ಸಿಲಿಕಾನ್–ಆಮ್ಲಜನಕದ ಬಂಧವನ್ನು ಫ್ಲೋರೈಡಿನಿಂದ ಕತ್ತರಿಸಿ ಹೊಳಪನ್ನು ಬಿಡುಗಡೆ ಮಾಡುವುದು ಇನ್ನೊಂದು. 2003ರಲ್ಲಿ ಟಿಮತಿ ಸ್ವೇಗರ್ ಪ್ರಯೋಗಾಲಯ ಇದನ್ನು ಬಳಸಿತು. ಆದರೆ ಇಂಥ ಅಣುಗಳಲ್ಲಿ ಬಹುಪಾಲನ್ನು ಪರೀಕ್ಷಿಸಿದ್ದು ಅಸಿಟೋನೈಟ್ರೈಲಿನಂಥ ದ್ರಾವಕದಲ್ಲಿ. ಅಲ್ಲಿ ಥಟ್ಟನೆ ಬೆಳಗಿದ ಅಣು ನೀರು ಸೇರಿದೊಡನೆ ಮಂಕಾಗುತ್ತದೆ. ಫ್ಲೋರೈಡನ್ನು ಹಿಡಿಯದೆ ಬರೀ ಪ್ರೋಟಾನ್ ಬಿಟ್ಟುಕೊಟ್ಟು ಬಣ್ಣ ಬದಲಿಸುವ ಅಣುಗಳೂ ಇವೆ. ಅವು ಅಸಿಟೇಟಿಗೂ ಹಾಗೆಯೇ ಮಾಡುತ್ತವೆ. ಫ್ಲೋರೈಡ್ ಹೆಚ್ಚಿರುವ ಅಂತರ್ಜಲ ಸಾಮಾನ್ಯವಾಗಿ ಕ್ಷಾರೀಯ, ಬೈಕಾರ್ಬೋನೇಟ್ ತುಂಬಿದ್ದು. ಅಂಥ ನೀರಿನ ಮುಂದೆ ನಿಲ್ಲದ ಅಣುವನ್ನು ಫ್ಲೋರೈಡ್ ಸಂವೇದಕವೆಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಅಗ್ಗದಲ್ಲಿ ಮಾಡುವ ಜಾಣ್ಮೆಗೆ ಕೊರತೆಯಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯದೇ ಉದಯ್ ಮೈತ್ರಾ ಅವರ ಬಳಗ ಟರ್ಬಿಯಂ ಜೆಲ್ಲನ್ನು ಕಾಗದದ ಬಿಲ್ಲೆಗೆ ಹಚ್ಚಿ, ಕಿಣ್ವ ಇದ್ದರೆ ಹಸಿರಾಗಿ ಹೊಳೆಯುವಂತೆ ಮಾಡಿದೆ. ಫ್ಲೋರೈಡಿಗೂ ಅಂಥದೊಂದು ಬಿಲ್ಲೆ ಬೇಕು.

ಸದ್ಯ ಪ್ರಯೋಗಾಲಯದಲ್ಲಿ ಫ್ಲೋರೈಡ್ ಅಳೆಯುವುದು 1966ರಲ್ಲಿ ಬಂದ ಲ್ಯಾಂಥನಂ ಫ್ಲೋರೈಡ್ ಹರಳಿನ ಎಲೆಕ್ಟ್ರೋಡ್. ಹಳ್ಳಿಗೆ ಬರುವ ಕಿಟ್‌ನಲ್ಲಿ ಜಿರ್ಕೋನಿಯಂ ಕಟ್ಟಿಕೊಂಡ ಬಣ್ಣವಿರುತ್ತದೆ. ಫ್ಲೋರೈಡ್ ಆ ಲೋಹವನ್ನು ಕಿತ್ತುಕೊಂಡಷ್ಟೂ ಗುಲಾಬಿ ಬಣ್ಣ ಹಳದಿಗೆ ತಿರುಗುತ್ತದೆ. ಆದರೆ 1 ಮತ್ತು 1.5ರ ನಡುವಿನ ಅಂತರವನ್ನು ಬರಿಗಣ್ಣಿಗೆ ಬಣ್ಣದ ಪಟ್ಟಿಯ ಮೇಲೆ ಹೇಳುವುದು ಕಷ್ಟ. ನೀರಿನಲ್ಲೇ ಕೆಲಸ ಮಾಡಬೇಕೆಂದು ಹೊರಟ ಹೊಸ ವಿನ್ಯಾಸಗಳಲ್ಲಿ ಹಲವು ಮತ್ತೆ ಅಲ್ಯೂಮಿನಿಯಂ, ಜಿರ್ಕೋನಿಯಂಗಳನ್ನೇ ಗೂಡಿನಲ್ಲಿಟ್ಟುಕೊಂಡಿವೆ. ನೀರಿನ ಹಿಡಿತದಿಂದ ಫ್ಲೋರೈಡನ್ನು ಎಳೆದುಕೊಳ್ಳುವ ಬಲ ಆ ಲೋಹಗಳಿಗಿದೆಯೆಂದು ಮೊರಿನ್ನಿನ ಹಸಿರು ಹೊಳಪು ಆರುವುದನ್ನು ನೋಡಿದವರಿಗೆ ಆಗಲೇ ಗೊತ್ತಿತ್ತು.