ಮೂರು ಬಣ್ಣದ ಮಾರಿಯೊ, ಮೂರು ಹಾಳೆಯ ಅಚ್ಚು

ಬೆಂಗಳೂರಿನಿಂದ ಹೊಸೂರು, ಕೃಷ್ಣಗಿರಿ ದಾಟಿ ಹೋಗುವ ಹೆದ್ದಾರಿಯಲ್ಲಿ ಲಾರಿಗಳ ಹಿಂಭಾಗ ಓದುತ್ತಾ ಸಾಗಿದವರಿಗೆ ಸ್ಟೆನ್ಸಿಲ್ ಹೊಸತಲ್ಲ. ಅಕ್ಷರ ಕೊರೆದ ತಗಡನ್ನು ಒತ್ತಿ ಹಿಡಿದು ಮೇಲಿಂದ ಬಣ್ಣ ಹೊಡೆದರೆ ಆಯಿತು. ನಮ್ಮ ಕರಾವಳಿಯ ವ್ಯಾಪಾರಿಗಳಿಗೂ ಗೋಣಿ ಚೀಲದ ಮೇಲೆ ಮಾರ್ಕು ಹಾಕುವ ತಗಡಿನ ಅಚ್ಚು ಗೊತ್ತಿದ್ದದ್ದೇ.

ಈ ಉಪಾಯ ಬಹಳ ಹಳೆಯದು. ಇಂಡೋನೇಷ್ಯಾದ ಸುಲವೇಸಿಯ ಗುಹೆಯೊಂದರಲ್ಲಿ ಯಾರೋ ಬಂಡೆಗೆ ಅಂಗೈ ಒತ್ತಿ ಸುತ್ತಲೂ ಕೆಂಪು ಬಣ್ಣ ಊದಿದ್ದಾರೆ. ಆ ಗುರುತಿಗೆ ಕನಿಷ್ಠ 39,900 ವರ್ಷ. ಕೃಷ್ಣಗಿರಿ ಜಿಲ್ಲೆಯ ಮಲ್ಲಪಾಡಿಯ ಬಂಡೆಯ ಮೇಲೆ ಬಿಳಿ ಬಣ್ಣದ ಕುದುರೆ ಸವಾರರಿದ್ದಾರೆ. ಅವು ಕೈಯಲ್ಲೇ ಬರೆದ ಚಿತ್ರಗಳು. ಆದರೂ ಒಂದೇ ಬಣ್ಣ ತುಂಬಿದ ಆಕಾರದಲ್ಲಿ ಮನುಷ್ಯನನ್ನೂ ಕುದುರೆಯನ್ನೂ ಗುರುತಿಸುವಂತೆ ಮಾಡುವ ಜಾಣತನ ಅಲ್ಲೂ ಇದೆ.

ವಿಡಿಯೋ ಗೇಮ್ ಮಾಡಿದವರಿಗೂ ಇದೇ ಸವಾಲು ಎದುರಾಯಿತು. 1978ರಲ್ಲಿ ಜಪಾನಿನ ತೊಮೊಹಿರೊ ನಿಶಿಕಾಡೊ ‘ಸ್ಪೇಸ್ ಇನ್‌ವೇಡರ್ಸ್’ ತಯಾರಿಸಿದಾಗ ಪರದೆ ಕಪ್ಪು ಬಿಳುಪಿನದು. ಬಣ್ಣ ಕಾಣಲೆಂದು ಪರದೆಯ ಮೇಲೆ ಬಣ್ಣದ ಸೆಲ್ಲೋಫೇನ್ ಪಟ್ಟಿ ಅಂಟಿಸಿದ ಯಂತ್ರಗಳೂ ಬಂದವು. 1981ರ ‘ಡಾಂಕಿ ಕಾಂಗ್’ ಆಟದಲ್ಲಿ ಶಿಗೆರು ಮಿಯಾಮೊಟೊ ರೂಪಿಸಿದ ಪುಟ್ಟ ಮನುಷ್ಯನೇ ಮುಂದೆ ಮಾರಿಯೊ ಆದ. ಅಷ್ಟು ಚಿಕ್ಕ ಚಿತ್ರದಲ್ಲಿ ಕೂದಲು ಬಿಡಿಸುವುದು ಕಷ್ಟ, ಅದಕ್ಕೆ ಟೋಪಿ. ಮೂಗು ಎದ್ದು ಕಾಣಬೇಕು, ಅದಕ್ಕೆ ಮೀಸೆ. ಕೈ ಬೀಸುವುದು ತಿಳಿಯಬೇಕು, ಅದಕ್ಕೆ ಬೇರೆ ಬಣ್ಣದ ಡಂಗರಿ.

1985ರ ‘ಸೂಪರ್ ಮಾರಿಯೊ ಬ್ರದರ್ಸ್’ ಓಡಿದ ಯಂತ್ರಕ್ಕೆ ಒಂದು ಕಟ್ಟುಪಾಡಿತ್ತು. ಚಲಿಸುವ ಚಿತ್ರದ ಒಂದೊಂದು ತುಂಡಿಗೆ ಮೂರೇ ಬಣ್ಣ, ಉಳಿದದ್ದು ಪಾರದರ್ಶಕ. ಹಾಗಾಗಿ ಚಿಕ್ಕ ಮಾರಿಯೊ ಅಂದರೆ 16×16 ಚೌಕಗಳೊಳಗಿನ ಕೆಂಪು, ಕಂದು, ಮೈಬಣ್ಣ. ಸ್ಟೆನ್ಸಿಲ್ ಮಾಡುವವನಿಗೆ ಇದು ಮೂರು ಹಾಳೆಯ ಲೆಕ್ಕ. ಒಂದು ಚೌಕಕ್ಕೆ 2 ಸೆಂ.ಮೀ. ಇಟ್ಟರೆ ಚಿತ್ರ 32 ಸೆಂ.ಮೀ. ಆಗುತ್ತದೆ. ಹಳೆಯ ಎಕ್ಸ್‌ರೇ ಫಿಲ್ಮ್, ಸ್ಟೀಲ್ ಸ್ಕೇಲು, ಬ್ಲೇಡು ಸಾಕು.

ಮೊದಲ ಹಾಳೆಯಲ್ಲಿ ಮುಖವನ್ನು ಇಡಿಯಾಗಿ ಕೊರೆದು ಮೈಬಣ್ಣ ಹೊಡೆಯಬೇಕು. ಕಣ್ಣಿಗೆ ಅಲ್ಲೇ ಜಾಗ ಬಿಡಲು ಹೋದರೆ ಆ ತುಂಡು ಯಾವುದಕ್ಕೂ ಅಂಟಿಕೊಳ್ಳದೆ ಉದುರುತ್ತದೆ. ಅಕ್ಷರದ ಅಚ್ಚಿನಲ್ಲಿ ಸೊನ್ನೆಯ ನಡುವೆ ಸೇತುವೆಯಂತೆ ಪಟ್ಟಿ ಬಿಡುವುದು ಇದೇ ಕಾರಣಕ್ಕೆ. ಪದರಗಳ ಕೆಲಸದಲ್ಲಿ ಆ ಪಟ್ಟಿ ಬೇಡ. ಕಣ್ಣು, ಮೀಸೆ, ಕೂದಲು ಎರಡನೆಯ ಹಾಳೆಯ ಕಂದು ಬಣ್ಣದಲ್ಲಿ ಮೇಲೆ ಬಂದು ಕೂರುತ್ತವೆ. ಮೂರನೆಯದು ಕೆಂಪು: ಟೋಪಿ, ಡಂಗರಿ. ಮೂರೂ ಹಾಳೆಗಳ ಮೂಲೆಯಲ್ಲಿ ಒಂದೇ ಗುರುತು ಇರಲೇಬೇಕು, ತಪ್ಪಿದರೆ ಮೀಸೆ ಕೆನ್ನೆಗೆ ಹೋಗುತ್ತದೆ. ಬಣ್ಣ ತೆಳ್ಳಗೆ ಹೊಡೆಯಬೇಕು, ಒಣಗುವ ತನಕ ಕಾಯಬೇಕು.

ಇದೇ 1981ರಲ್ಲಿ ಪ್ಯಾರಿಸ್‌ನ ಗೋಡೆಗಳ ಮೇಲೆ ಬ್ಲೆಕ್ ಲೆ ರಾ ಎಂಬ ಕಲಾವಿದ ಇಲಿಗಳ ಸ್ಟೆನ್ಸಿಲ್ ಹಾಕತೊಡಗಿದ. ಅದೇ ಊರಲ್ಲಿ 1998ರಿಂದ ಇನ್‌ವೇಡರ್ ಎಂಬಾತ ‘ಸ್ಪೇಸ್ ಇನ್‌ವೇಡರ್ಸ್’ ಪಾತ್ರಗಳನ್ನು ಟೈಲ್ಸ್ ಚೂರುಗಳಲ್ಲಿ ಕೂರಿಸಿದ. ಆದರೆ ಕೊರೆದ ಹಾಳೆಗಳನ್ನು ಒಂದರ ನಂತರ ಒಂದಿಟ್ಟು ಬಣ್ಣ ಹಾಕುವುದನ್ನು ಪ್ಯಾರಿಸ್‌ನಿಂದ ಕಲಿಯಬೇಕಾಗಿಲ್ಲ. ಮಥುರಾದ ಸಾಂಝಿ ಕಲೆಯಲ್ಲಿ ಕಾಗದ ಕೊರೆದು ಬಣ್ಣದ ಪುಡಿ ಉದುರಿಸುವ ಕ್ರಮ ಮೊದಲಿನಿಂದಲೂ ಇದೆ.

ತೊಂಬತ್ತರ ದಶಕದಲ್ಲಿ ನಮ್ಮ ಮನೆಗಳಿಗೆ ಮಾರಿಯೊ ಬಂದದ್ದು ಕ್ಯಾಸೆಟ್ ಹಾಕುವ ಅಗ್ಗದ ಟಿವಿ ಗೇಮ್‌ಗಳಲ್ಲಿ. ಆಗ ವಾಹನಗಳ ನಂಬರ್ ಪ್ಲೇಟನ್ನು ಪೇಂಟರ್ ಅಂಗಡಿಯಲ್ಲೇ ಬರೆಸುತ್ತಿದ್ದೆವು. 2019ರ ಏಪ್ರಿಲ್ 1ರಿಂದ ಹೊಸ ವಾಹನಗಳಿಗೆ ಅತಿ ಸುರಕ್ಷತಾ ನಂಬರ್ ಪ್ಲೇಟ್ ಕಡ್ಡಾಯವಾಯಿತು. ಹೊಸೂರಿನ ಟಿಎನ್ 70 ಇರಲಿ, ಕೃಷ್ಣಗಿರಿಯ ಟಿಎನ್ 24 ಇರಲಿ, ಮಂಗಳೂರಿನ ಕೆಎ 19 ಇರಲಿ, ಹೊಸ ಗಾಡಿಯ ನಂಬರು ಯಂತ್ರದಿಂದಲೇ ಒತ್ತಿ ಬರುತ್ತದೆ. ಅಂಗಡಿಯ ಬೋರ್ಡನ್ನು ಫ್ಲೆಕ್ಸ್ ಅದಾಗಲೇ ಕಿತ್ತುಕೊಂಡಿತ್ತು.

ನಂಬರು ಬರೆಯುವ ಕೆಲಸ ಇನ್ನು ಪೇಂಟರ್ ಅಂಗಡಿಗೆ ಮರಳಲಾರದು. ಆದರೆ ಎಲ್ಲಿ ಪಟ್ಟಿ ಬಿಡಬೇಕು, ಯಾವ ಬಣ್ಣ ಮೊದಲು, ಎಷ್ಟು ಹೊತ್ತು ಕಾಯಬೇಕು ಎಂಬ ತಿಳಿವಳಿಕೆ ಆ ಕೈಗಳಲ್ಲಿ ಇನ್ನೂ ಇದೆ. ಮಕ್ಕಳು ತಮಗಿಷ್ಟದ ಮಾರಿಯೊನನ್ನು ಕೊರೆಯಲು ಕೂತರೆ, ಹೇಳಿಕೊಡಲು ಊರಿನ ಹಳೆಯ ಪೇಂಟರ್ ಒಬ್ಬರನ್ನು ಕರೆಯಿರಿ. ಅವರು ಮಾರಿಯೊನನ್ನು ನೋಡಿಲ್ಲದಿರಬಹುದು, ಕೆಲಸ ಮಾತ್ರ ಅವರದ್ದೇ.