ಗುಜರಿಯ ಉಕ್ಕು, ಕಸುಬಿನ ಸಲಕರಣೆ: ಕರ್ನಾಟಕದ ಚರ್ಮಗಾರಿಕೆಯಲ್ಲಿ ಅಡಗಿರುವ ಲೋಹಜ್ಞಾನ

ಪೀಠಿಕೆ

ಕರ್ನಾಟಕದ ಚರ್ಮಗಾರಿಕೆಯನ್ನು ಕುರಿತ ಬರವಣಿಗೆ ಬಹುಮಟ್ಟಿಗೆ ಎರಡು ದಾರಿಗಳಲ್ಲಿ ಸಾಗಿಬಂದಿದೆ. ಒಂದು ದಾರಿ ಈ ಕಸುಬನ್ನು ನಡೆಸಿಕೊಂಡು ಬಂದ ಮಾದಿಗ, ಸಮಗಾರ, ಮಚಗಾರ, ಡೋಹರ ಮೊದಲಾದ ಸಮುದಾಯಗಳ ಸಾಮಾಜಿಕ ಸ್ಥಿತಿಗತಿಯನ್ನು ಪರಿಶೀಲಿಸುತ್ತದೆ. ಇನ್ನೊಂದು ದಾರಿ ಮೆಟ್ಟು, ಬಾರುಕೋಲು, ಕಪಿಲೆಯ ಬಾನಿ, ತೊಗಲುಗೊಂಬೆ ಮುಂತಾದ ಸಿದ್ಧವಸ್ತುಗಳನ್ನು ವರ್ಣಿಸುತ್ತದೆ. ಕೈಗೂ ತೊಗಲಿಗೂ ನಡುವೆ ನಿಲ್ಲುವ ಸಲಕರಣೆ ಈ ಎರಡೂ ಕಡೆ ಹೆಸರುಗಳ ಪಟ್ಟಿಯಾಗಿ ಬಂದುಹೋಗುತ್ತದೆ. ಅದನ್ನು ಯಾರು, ಯಾವ ಲೋಹದಿಂದ, ಯಾವ ಕ್ರಮದಲ್ಲಿ ಮಾಡಿಕೊಂಡರು ಎಂಬ ಪ್ರಶ್ನೆ ಏಳುವುದು ಅಪರೂಪ.

ಈ ಪ್ರಶ್ನೆಗೆ ಮಹತ್ವ ಬರುವುದು ಬೀದಿಬದಿಯ ಚಪ್ಪಲಿ ದುರಸ್ತಿಗಾರರೂ ಹಳ್ಳಿಯ ಮೆಟ್ಟು ತಯಾರಕರೂ ಬಳಸುವ ಸಲಕರಣೆಗಳಲ್ಲಿ ಅನೇಕವು ಗುಜರಿಯಿಂದ, ಅಂದರೆ ಬೇರೊಂದು ಕೆಲಸಕ್ಕೆ ಬಳಕೆಯಾಗಿ ಸವೆದುಹೋದ ವಸ್ತುಗಳಿಂದ, ಹುಟ್ಟಿದವು ಎಂಬ ಕಾರಣದಿಂದ. ಹಲ್ಲು ಸವೆದ ಗರಗಸದ ಬ್ಲೇಡು, ಹಳೆಯ ಅರ, ಸೈಕಲ್ ಕಡ್ಡಿ, ಲಾರಿಯ ಸ್ಪ್ರಿಂಗ್ ಪಟ್ಟಿ, ರೈಲು ಕಂಬಿಯ ತುಂಡು ಇವೆಲ್ಲ ನೋಟಕ್ಕೆ ಕಬ್ಬಿಣವೇ ಆದರೂ ಒಳಗುಣದಲ್ಲಿ ಒಂದರಿಂದೊಂದು ಬೇರೆ. ಒಂದಕ್ಕೆ ಸಲ್ಲುವ ಕ್ರಮ ಇನ್ನೊಂದನ್ನು ಕೆಡಿಸುತ್ತದೆ. ಆದ್ದರಿಂದ ಗುಜರಿಯನ್ನು ಆರಿಸಿ ಅದರ ಗುಣಕ್ಕೆ ತಕ್ಕ ಸಂಸ್ಕಾರ ಕೊಡುವ ರೂಢಿಯಲ್ಲಿ ಕ್ರಮಬದ್ಧವಾದ ಲೋಹಜ್ಞಾನವಿದೆ ಎಂಬುದನ್ನು, ಸಲಕರಣೆಗಳನ್ನು ಒಂದೊಂದಾಗಿ ಪರಿಶೀಲಿಸಿ ತೋರಿಸುವುದು ಈ ಲೇಖನದ ಉದ್ದೇಶ.

ಹಿನ್ನೆಲೆ: ಕುಲುಮೆಯಿಂದ ಗುಜರಿಗೆ

ವಚನ ಪರಂಪರೆಯ ಹಿರಿಯರಲ್ಲಿ ಒಬ್ಬನಾದ ಮಾದಾರ ಚೆನ್ನಯ್ಯನ ಅಂಕಿತದೊಳಗೆ ಕೈಯುಳಿ, ಕತ್ತಿ, ಅಡಿಗೂಂಟ ಎಂಬ ಮೂರು ಸಲಕರಣೆಗಳ ಹೆಸರುಗಳಿವೆ. ಚುಚ್ಚುವುದು, ಕೊಯ್ಯುವುದು, ಆಧಾರ ಕೊಡುವುದು ಎಂಬ ಚರ್ಮಗಾರಿಕೆಯ ಮೂರು ಮೂಲಕ್ರಿಯೆಗಳೂ ಅಲ್ಲಿ ಸೇರಿವೆ. ಇಂದಿನ ಚಮ್ಮಾರನ ಪೆಟ್ಟಿಗೆಯನ್ನು ತೆರೆದರೂ ಕಾಣುವುದು ಈ ಮೂರರ ವಿಸ್ತಾರವೇ.

ಆಯಗಾರಿಕೆ ವ್ಯವಸ್ಥೆ ಜೀವಂತವಾಗಿದ್ದ ಕಾಲದಲ್ಲಿ ಉಳಿ, ಕತ್ತಿಗಳನ್ನು ಕಾಯಿಸಿ ಬಡಿದು ಕೊಡುವ ಕೆಲಸ ಕಮ್ಮಾರನದಾಗಿತ್ತು. ಅವನ ಕುಲುಮೆಗೆ ಗಾಳಿ ಊದುವ ತಿದಿಯಾದರೋ ತೊಗಲಿನದು. ಹೀಗೆ ಕಬ್ಬಿಣ ಕಾಯುವುದಕ್ಕೆ ಚರ್ಮವೂ, ಚರ್ಮ ಕೊಯ್ಯುವುದಕ್ಕೆ ಕಬ್ಬಿಣವೂ ಬೇಕಾಗಿದ್ದರಿಂದ ಎರಡು ಕಸುಬುಗಳ ನಡುವೆ ಕೊಡುಕೊಳ್ಳುವಿಕೆ ಅನಿವಾರ್ಯವಾಗಿತ್ತು. ಆಯದ ಕಟ್ಟು ಸಡಿಲವಾಗಿ ಊರ ಕುಲುಮೆಗಳು ಕಡಿಮೆಯಾದ ಹಾಗೆ ಈ ಬಂಧವೂ ಸಡಿಲಿತು. ಅದೇ ಅವಧಿಯಲ್ಲಿ ಉಕ್ಕಿನ ಇನ್ನೊಂದು ಆಕರ ತೆರೆದುಕೊಂಡಿತು: 1864ರಲ್ಲಿ ಬೆಂಗಳೂರನ್ನು ತಲುಪಿದ ರೈಲು, ಆಮೇಲೆ ಬಂದ ಬೈಸಿಕಲ್ಲು, ಸ್ವಾತಂತ್ರ್ಯಾನಂತರ ಹೆಚ್ಚಿದ ಲಾರಿ ಸಾರಿಗೆ ಮತ್ತು ಯಂತ್ರ ಕಾರ್ಖಾನೆಗಳು ಒಳ್ಳೆಯ ಉಕ್ಕನ್ನು ಬಳಸಿ ಬಿಸಾಡತೊಡಗಿದವು. ಗುಜರಿ ಅಂಗಡಿಯಲ್ಲಿ ತೂಕದ ಲೆಕ್ಕದಲ್ಲಿ ಸಿಗುವ ಈ ಉಕ್ಕು ಕುಲುಮೆಯ ಸಲಕರಣೆಗೆ ಬದಲಿಯಾಯಿತು. ಕಮ್ಮಾರನ ತಿಳಿವಳಿಕೆಯಲ್ಲಿ ಒಂದು ಪಾಲನ್ನು ಚರ್ಮಕಾರನು ತಾನೇ ಕಲಿತುಕೊಳ್ಳಬೇಕಾಯಿತು.

ಉಕ್ಕನ್ನು ಗುರುತಿಸುವ ಬಗೆ

ಉಕ್ಕಿನ ಗುಣವನ್ನು ಮುಖ್ಯವಾಗಿ ನಿರ್ಧರಿಸುವುದು ಅದರಲ್ಲಿರುವ ಇಂಗಾಲದ ಪ್ರಮಾಣ. ಮನೆಕಟ್ಟಲು ಬಳಸುವ ಸಾಧಾರಣ ಸರಳಿನಲ್ಲಿ ಅದು ಸುಮಾರು ಶೇ. 0.2ರಷ್ಟಿದ್ದು, ಎಷ್ಟು ಕಾಯಿಸಿ ನೀರಿಗೆ ಅದ್ದಿದರೂ ಹರಿತವನ್ನು ಹಿಡಿದಿಟ್ಟುಕೊಳ್ಳುವಷ್ಟು ಗಟ್ಟಿಯಾಗುವುದಿಲ್ಲ. ಲಾರಿಯ ಸ್ಪ್ರಿಂಗ್ ಪಟ್ಟಿಯಲ್ಲಿ ಇಂಗಾಲ ಶೇ. 0.5ರಿಂದ 0.6ರಷ್ಟು, ರೈಲು ಕಂಬಿಯಲ್ಲಿ ಶೇ. 0.6ರಿಂದ 0.8ರಷ್ಟು, ಬೇರಿಂಗಿನ ಬಳೆಯಲ್ಲಿ ಸುಮಾರು ಶೇ. 1ರಷ್ಟು, ಒಳ್ಳೆಯ ಅರದಲ್ಲಿ ಶೇ. 1.2ರ ಆಸುಪಾಸಿನಲ್ಲಿ ಇರುತ್ತದೆ. ಇಂಗಾಲ ಹೆಚ್ಚಿದಂತೆ ಉಕ್ಕು ಹೆಚ್ಚು ಗಟ್ಟಿಯಾಗಬಲ್ಲದು, ಜೊತೆಗೆ ಹೆಚ್ಚು ಪೆಡಸೂ ಆಗುತ್ತದೆ. ಪೆಟ್ಟು ತಿನ್ನುವ ಉಳಿಗೆ ಸ್ಪ್ರಿಂಗ್ ಪಟ್ಟಿಯೂ ತೆಳುವಾಗಿ ಕೊಯ್ಯುವ ಅಲಗಿಗೆ ಅರದ ಉಕ್ಕೂ ಒಪ್ಪುವುದು ಈ ಕಾರಣಕ್ಕೆ.

ಪ್ರಯೋಗಾಲಯದ ನೆರವಿಲ್ಲದೆ ಈ ಭೇದವನ್ನು ಗುರುತಿಸಲು ಕೈಕಸುಬಿನಲ್ಲಿ ಮೂರು ಪರೀಕ್ಷೆಗಳಿವೆ. ಮೊದಲನೆಯದು ಕಿಡಿಯ ಪರೀಕ್ಷೆ: ತಿರುಗುವ ಸಾಣೆಕಲ್ಲಿಗೆ ಒತ್ತಿದಾಗ ಮೆದು ಕಬ್ಬಿಣದ ಕಿಡಿ ಉದ್ದನೆಯ ಗೆರೆಯಾಗಿ ಹಾರುತ್ತದೆ, ಇಂಗಾಲ ಹೆಚ್ಚಿರುವ ಉಕ್ಕಿನ ಕಿಡಿ ಹತ್ತಿರದಲ್ಲೇ ಒಡೆದು ಕವಲುಕವಲಾಗಿ ಚಿಮ್ಮುತ್ತದೆ. ಎರಡನೆಯದು ಅರದ ಪರೀಕ್ಷೆ: ಹೊಸ ಅರ ಕಚ್ಚದೆ ಜಾರಿದರೆ ಲೋಹ ಈಗಾಗಲೇ ಗಡಸಾಗಿದೆ ಎಂದರ್ಥ. ಮೂರನೆಯದು ಮುರಿದು ನೋಡುವ ಪರೀಕ್ಷೆ: ಗಡಸಾದ ಒಳ್ಳೆಯ ಉಕ್ಕು ಬಾಗದೆ ಮುರಿದು ಮುರಿದ ಮೈಯಲ್ಲಿ ಬೂದುಬಣ್ಣದ ಸಣ್ಣ ಕಣ ತೋರಿಸುತ್ತದೆ, ದಪ್ಪ ಹರಳುಗಳು ಹೊಳೆದರೆ ಅದು ಮಿತಿಮೀರಿ ಕಾದ ಉಕ್ಕು ಎಂದು ತಿಳಿಯಬೇಕು. ಈ ಮೂರನ್ನೂ ಕೂಡಿಸಿ ನೋಡಿದಾಗ ಮಾತ್ರ ನಿರ್ಣಯ ನಂಬಲರ್ಹವಾಗುತ್ತದೆ.

ರಂಪಿಗೆ: ಒಂದೇ ಅಲಗು, ಎರಡು ಕ್ರಮ

ತೊಗಲನ್ನು ಕತ್ತರಿಸಲೂ ಅದರ ಅಂಚನ್ನು ಹೆರೆದು ತೆಳುವಾಗಿಸಲೂ ಬಳಸುವ ಅಗಲ ಬಾಯಿಯ ಕತ್ತಿಗೆ ರಂಪಿಗೆ ಎಂದು ಹೆಸರು. ಅಂಚನ್ನು ತೆಳುವಾಗಿಸದೆ ಎರಡು ಪದರಗಳನ್ನು ಕೂಡಿಸಿದರೆ ಹೊಲಿಗೆಯ ಜಾಗ ಉಬ್ಬಿ ಕಾಲಿಗೆ ಒತ್ತುವುದರಿಂದ, ಮೆಟ್ಟಿನ ಗುಣ ಬಹುಪಾಲು ಈ ಅಲಗನ್ನು ಅವಲಂಬಿಸಿದೆ. ಅದಕ್ಕೆ 15ರಿಂದ 20 ಡಿಗ್ರಿಯಷ್ಟು ಕಿರಿದಾದ ಕೋನದ ಬಾಯಿ ಬೇಕು. ಅಷ್ಟು ತೆಳ್ಳಗಾದ ಮೇಲೂ ಬಾಯಿ ಮಡಚಿಕೊಳ್ಳಬಾರದು, ಚಕ್ಕೆ ಏಳಬಾರದು.

ಹಳೆಯ ಅರದಿಂದ ರಂಪಿಗೆ ಮಾಡುವ ಕ್ರಮದಲ್ಲಿ ನಾಲ್ಕು ಹಂತಗಳಿವೆ. ಮೊದಲು ಅರವನ್ನು ಕೆಂಪಗೆ ಕಾಯಿಸಿ ಬೂದಿಯಲ್ಲಿ ಹೂತು ನಿಧಾನವಾಗಿ ಆರಲು ಬಿಟ್ಟರೆ ಅದು ಮೆದುವಾಗಿ ಇನ್ನೊಂದು ಅರಕ್ಕೆ ಮಣಿಯುತ್ತದೆ. ಆಕಾರ ಬಂದ ಬಳಿಕ ಮತ್ತೆ ಕಾಯಿಸಬೇಕು. ಎಷ್ಟು ಕಾಯಿಸಬೇಕೆಂಬುದಕ್ಕೆ ಹಳೆಯ ಸ್ಪೀಕರಿನ ಅಯಸ್ಕಾಂತವೇ ಅಳತೆ: ಸುಮಾರು 770 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಉಕ್ಕು ಅಯಸ್ಕಾಂತಕ್ಕೆ ಅಂಟುವುದಿಲ್ಲ, ಅದಕ್ಕಿಂತ ತುಸು ಮೇಲಕ್ಕೆ ಕಾಯಿಸಿದ ಕೂಡಲೇ ಎಣ್ಣೆಯಲ್ಲಿ ಅದ್ದಬೇಕು. ಕಮ್ಮಾರರು ನೀರು ಕುಡಿಸುವುದು ಎನ್ನುವ ಸಂಸ್ಕಾರ ಇದೇ. ಇಂಗಾಲ ಹೆಚ್ಚಿರುವ ತೆಳು ಅಲಗು ತಣ್ಣೀರಿನಲ್ಲಿ ಬಿರುಕುಬಿಡುವ ಸಂಭವ ಹೆಚ್ಚಾದ್ದರಿಂದ ಎಣ್ಣೆ ಲೇಸು. ಹೀಗೆ ಗಡಸಾದ ಅಲಗು ಕೈಜಾರಿ ಬಿದ್ದರೂ ಮುರಿಯುವಷ್ಟು ಪೆಡಸಾಗಿರುವುದರಿಂದ ಕೊನೆಯ ಹಂತದಲ್ಲಿ ಅದರ ಮೈಯನ್ನು ಬೆಳ್ಳಗೆ ಉಜ್ಜಿ, ಬೆನ್ನಿನ ಕಡೆಯಿಂದ ಮೆಲ್ಲಗೆ ಬಿಸಿ ತಾಗಿಸಬೇಕು. ಆಗ ಲೋಹದ ಮೇಲೆ ಬಣ್ಣಗಳು ಸರಿಯುತ್ತ ಬರುತ್ತವೆ. ಸುಮಾರು 220ರಿಂದ 230 ಡಿಗ್ರಿಯಲ್ಲಿ ಒಣಹುಲ್ಲಿನ ಹಳದಿ, ಇನ್ನೂ ಏರಿದರೆ ಕಂದು, ಆಮೇಲೆ ನೇರಳೆ, 300ರ ಹತ್ತಿರ ನೀಲಿ. ಹಳದಿ ಬಣ್ಣ ಬಾಯಿಯನ್ನು ಮುಟ್ಟಿದ ಗಳಿಗೆಯಲ್ಲೇ ಅಲಗನ್ನು ತಣಿಸಬೇಕು. ನೀಲಿಯವರೆಗೆ ಬಿಟ್ಟರೆ ಸ್ಪ್ರಿಂಗಿಗೆ ತಕ್ಕ ಬಾಗುಗುಣ ಬಂದು ಹೆರೆಯುವ ಗಡಸುತನ ಹೋಗುತ್ತದೆ.

ಯಂತ್ರಚಾಲಿತ ಗರಗಸದ ಬ್ಲೇಡಿನಿಂದ ರಂಪಿಗೆ ಮಾಡುವ ಕ್ರಮ ಇದಕ್ಕೆ ತದ್ವಿರುದ್ಧ. ಬೆಂಗಳೂರಿನ ಪೀಣ್ಯ, ಬೆಳಗಾವಿಯ ಉದ್ಯಮಬಾಗ್‌ನಂತಹ ಕೈಗಾರಿಕಾ ಪ್ರದೇಶಗಳಲ್ಲಿ ಕಬ್ಬಿಣ ಕೊಯ್ಯಲು ಬಳಸಿ ಬಿಡುವ ಇಂತಹ ಬ್ಲೇಡುಗಳಲ್ಲಿ ಅನೇಕವು ಹೈಸ್ಪೀಡ್ ಸ್ಟೀಲ್ ಎಂಬ ಮಿಶ್ರ ಉಕ್ಕಿನವು. ಟಂಗ್‌ಸ್ಟನ್ ಅಥವಾ ಮಾಲಿಬ್ಡಿನಮ್ ಬೆರೆತ ಈ ಉಕ್ಕು 550 ಡಿಗ್ರಿಯವರೆಗೂ ತನ್ನ ಗಡಸುತನವನ್ನು ಬಿಟ್ಟುಕೊಡುವುದಿಲ್ಲ. ಆದ್ದರಿಂದ ಅರದ ಉಕ್ಕನ್ನು ಸಾಣೆ ಹಿಡಿಯುವಾಗ ಗಳಿಗೆಗೊಮ್ಮೆ ನೀರಿಗೆ ಅದ್ದಬೇಕಾದ ಎಚ್ಚರ ಇಲ್ಲಿ ಅಷ್ಟಾಗಿ ಬೇಕಿಲ್ಲ. ಆದರೆ ಇದನ್ನು ಗಡಸುಮಾಡಲು 1200 ಡಿಗ್ರಿಯ ಆಸುಪಾಸಿನ ಅಳತೆಯ ಕಾವು ಬೇಕಾಗುವುದರಿಂದ ಕುಲುಮೆಯ ಸಂಸ್ಕಾರ ಇದಕ್ಕೆ ಒಗ್ಗದು. ಕಾರ್ಖಾನೆ ಕೊಟ್ಟ ಹದವನ್ನು ಹಾಗೆಯೇ ಉಳಿಸಿಕೊಂಡು ಸಾಣೆಯಿಂದಲೇ ಆಕಾರ ತರಬೇಕು. ಕೈಗರಗಸದ ಬೈಮೆಟಲ್ ಬ್ಲೇಡಿನಲ್ಲಿ ಹಲ್ಲಿನ ಅಂಚು ಮಾತ್ರ ಈ ಉಕ್ಕಿನದಾಗಿದ್ದು ಬೆನ್ನು ಮೆದುವಾದ ಬೇರೊಂದು ಉಕ್ಕಿನದು. ಹಲ್ಲನ್ನು ಪೂರ್ತಿ ಸವೆಸಿ ಬೆನ್ನಿನ ಲೋಹಕ್ಕೆ ಬಾಯಿ ತೆಗೆದವರ ಕತ್ತಿ ಬೇಗ ಮೊಂಡಾಗುವುದಕ್ಕೆ ಕಾರಣ ಇದು. ಅಲಗಿನ ಹಿಂಭಾಗಕ್ಕೆ ಸೈಕಲ್ ಟ್ಯೂಬಿನ ಪಟ್ಟಿಯನ್ನೋ ತೊಗಲಿನ ಚೂರನ್ನೋ ಬಿಗಿಯಾಗಿ ಸುತ್ತಿದರೆ ಹಿಡಿಯೂ ಸಿದ್ಧ.

ಆರಿ: ಕಾಯಿಸಬಾರದ ಕಡ್ಡಿ

ತೊಗಲಿಗೆ ತೂತು ಹಾಕುವ, ಮರದ ಹಿಡಿಯುಳ್ಳ ಚೂಪು ಕಡ್ಡಿಯೇ ಆರಿ. ದಾರವನ್ನು ಎಳೆದು ತರಬೇಕಾದ ಆರಿಯ ತುದಿಗೆ ಒಂದು ಕಚ್ಚು ಕೊರೆದಿರುತ್ತಾರೆ. ಸುಮಾರು 2 ಮಿಲಿಮೀಟರ್ ದಪ್ಪದ ಸೈಕಲ್ ಕಡ್ಡಿ ಇದಕ್ಕೆ ಒದಗಿಬರುತ್ತದೆ. ಆ ಕಡ್ಡಿಯ ಬಿಗುವು ಬೆಂಕಿಯಿಂದ ಬಂದದ್ದಲ್ಲ. ತಣ್ಣಗಿರುವಾಗಲೇ ತಂತಿಯನ್ನು ಸಣ್ಣ ಸಣ್ಣ ಕಂಡಿಗಳಲ್ಲಿ ಎಳೆದೆಳೆದು ತೆಳುವಾಗಿಸಿದ್ದರಿಂದ ಬಂದದ್ದು. ಕೆಂಪಗೆ ಕಾಯಿಸಿದರೆ ಆ ಬಿಗುವು ಇಳಿದು ಕಡ್ಡಿ ಬಾಗುವ ತಂತಿಯಾಗುತ್ತದೆ, ಮತ್ತೆ ನೀರು ಕುಡಿಸಿದರೂ ಮೊದಲಿನಂತಾಗುವುದಿಲ್ಲ. ಹಾಗಾಗಿ ಅದನ್ನು ತಣ್ಣಗೇ ಅರೆದು, ತುದಿಯನ್ನು ಚೌಕವಾಗಿಯೋ ವಜ್ರಾಕೃತಿಯಾಗಿಯೋ ಮಾಡಿ, ಕಚ್ಚಿನ ಒಳಮೈಯನ್ನು ದಾರ ಹರಿಯದಂತೆ ನುಣುಪುಗೊಳಿಸಬೇಕು. ವಜ್ರಾಕೃತಿಯ ತುದಿ ತೊಗಲಿನಲ್ಲಿ ಸೀಳಿನಂಥ ತೂತು ಮಾಡುವುದರಿಂದ ದಾರ ಬಿಗಿದ ಮೇಲೆ ಅದು ಕೂಡಿಕೊಳ್ಳುತ್ತದೆ. ದುಂಡನೆಯ ದಪ್ಪ ತೂತು ಬಾಯ್ದೆರೆದೇ ಉಳಿಯುತ್ತದೆ. ಮೊಳೆಯಿಲ್ಲದೆ ತೊಗಲಿನ ದಾರದಲ್ಲೇ ಹೊಲಿಯುವುದು ಸಂಪ್ರದಾಯವಾಗಿರುವ ಅಥಣಿ, ನಿಪ್ಪಾಣಿ ಭಾಗದ ಕೊಲ್ಹಾಪುರಿ ಚಪ್ಪಲಿಯಲ್ಲಿ ಈ ವ್ಯತ್ಯಾಸವೇ ಬಾಳಿಕೆಯನ್ನು ತೀರ್ಮಾನಿಸುತ್ತದೆ.

ಹೀಗೆ ಅರವನ್ನು ಕಾಯಿಸಲೇಬೇಕು, ಯಂತ್ರದ ಬ್ಲೇಡಿಗೆ ಕುಲುಮೆ ಬೇಡ, ಸೈಕಲ್ ಕಡ್ಡಿಗೆ ಬೆಂಕಿಯೇ ಕೂಡದು ಎಂಬ ಮೂರು ನಿಯಮಗಳು ಮೂರು ಬೇರೆ ಬೇರೆ ಲೋಹತತ್ತ್ವಗಳನ್ನು ಆಧರಿಸಿವೆ. ಆ ತತ್ತ್ವಗಳಿಗಿರುವ ಪುಸ್ತಕದ ಹೆಸರುಗಳು ಗೊತ್ತಿಲ್ಲದಿದ್ದರೂ ನಿಯಮಗಳನ್ನು ತಪ್ಪದೆ ಪಾಲಿಸುವ ಕೈಗೆ ಆ ತತ್ತ್ವಗಳ ಫಲ ಗೊತ್ತಿದೆ.

ಕಬ್ಬಿಣಕ್ಕೂ ತೊಗಲಿಗೂ ಇರುವ ವೈರ

ಜಾಲಿಯ ತೊಗಟೆ, ತಂಗಡಿಯ ತೊಗಟೆ, ಅಳಲೆಕಾಯಿಗಳಿಂದ ಹದಮಾಡಿದ ತೊಗಲಿನಲ್ಲಿ ಟ್ಯಾನಿನ್ ಎಂಬ ಒಗರು ಪದಾರ್ಥ ತುಂಬಿರುತ್ತದೆ. ತೊಗಲು ಒದ್ದೆಯಾಗಿರುವಾಗ ಕಬ್ಬಿಣ ತಾಗಿದರೆ ಇವೆರಡೂ ಕೂಡಿ ನೀಲಿಗಪ್ಪು ಕಲೆ ಮೂಡುತ್ತದೆ, ಅದು ತೊಳೆದರೂ ಹೋಗದು. ತುಕ್ಕು ಹಿಡಿದ ಕಬ್ಬಿಣವನ್ನು ಹುಳಿ ದ್ರವದಲ್ಲಿ ನೆನೆಹಾಕಿ ತೊಗಲಿಗೆ ಕಪ್ಪು ಬಣ್ಣ ಕಟ್ಟುವ ಹಳೆಯ ಪದ್ಧತಿ ಇದೇ ಕ್ರಿಯೆಯನ್ನು ಬೇಕೆಂದು ಬಳಸಿಕೊಳ್ಳುತ್ತದೆ. ಕಂದು ಮೆಟ್ಟಿನ ಮೇಲೆ ಚಿತ್ತಾರ ಒತ್ತುವವರಿಗಾದರೋ ಅದು ದೊಡ್ಡ ದೋಷ. ಒದ್ದೆ ತೊಗಲಿನ ಮೇಲೆ ಅಚ್ಚೊತ್ತುವ ಸಲಕರಣೆಗೆ ಕಬ್ಬಿಣದ ಬೋಲ್ಟಿಗಿಂತ ಹಳೆಯ ನಲ್ಲಿಯ ಹಿತ್ತಾಳೆ ಸರಳು ಮೇಲು ಎನ್ನುವುದಕ್ಕೆ ಇದು ಕಾರಣ. ಹಿತ್ತಾಳೆ ಕಲೆ ಮಾಡುವುದಿಲ್ಲ, ಮೆದುವಾದ್ದರಿಂದ ಸಣ್ಣ ಅರದಲ್ಲೇ ಹೂವು, ಚುಕ್ಕಿ, ಗೆರೆಗಳನ್ನು ಕೊರೆಯಲು ಬರುತ್ತದೆ. ಅಂಚನ್ನು ಉಜ್ಜಿ ಹೊಳಪು ತರಲು ಲೋಹಕ್ಕಿಂತ ಗಟ್ಟಿ ಮರ, ಕೋಡು, ಮೂಳೆಗಳು ಒಳ್ಳೆಯವು. ಆಧಾರಕ್ಕೆ ಮಾತ್ರ ಭಾರವೇ ಮುಖ್ಯ: ಮೀಟರಿಗೆ 52 ಅಥವಾ 60 ಕಿಲೋ ತೂಗುವ ರೈಲು ಕಂಬಿಯ ಗೇಣುದ್ದದ ತುಂಡು ಕೂಡ ಪೆಟ್ಟಿಗೆ ಜಗ್ಗದೆ ನಿಲ್ಲುತ್ತದೆ.

ಮಿತಿಗಳು ಮತ್ತು ನೀತಿಯ ಪ್ರಶ್ನೆ

ಈ ರೂಢಿಯನ್ನು ವೈಭವೀಕರಿಸುವುದು ಸಲ್ಲದು. ಸತುವಿನ ಲೇಪವಿರುವ ಕೊಳವೆಯಿಂದ ತೂತುಗೊಳವೆ ಮಾಡಲು ಅದನ್ನು ಕಾಯಿಸಿದಾಗ ಏಳುವ ಹೊಗೆ ಜ್ವರ, ನಡುಕ ತರುತ್ತದೆ. ಸ್ಪ್ರಿಂಗ್ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಬಿರುಕಿದ್ದು ಪೆಟ್ಟಿಗೆ ಸಿಡಿಯಬಹುದು. ಕನ್ನಡಕವಿಲ್ಲದೆ ಸಾಣೆ ಹಿಡಿದರೆ ಕಣ್ಣಿಗೆ ಅಪಾಯ. ಅಸ್ಪೃಶ್ಯತೆ ಹೇರಿದ ಬಡತನ ಅನೇಕರನ್ನು ಗುಜರಿಯ ಕಡೆಗೆ ದೂಡಿತೆಂಬುದನ್ನೂ ಮರೆಯುವಂತಿಲ್ಲ. ಒತ್ತಾಯದಿಂದ ಕಲಿತದ್ದೂ ವಿದ್ಯೆಯೇ. ಅದನ್ನು ವಿದ್ಯೆಯೆಂದು ಒಪ್ಪದಿರುವುದು ಆ ಅನ್ಯಾಯದ ಮುಂದುವರಿಕೆ.

1976ರಲ್ಲಿ ಸ್ಥಾಪನೆಯಾದ, ಲಿಡ್ಕರ್ ಎಂದು ಪರಿಚಿತವಾದ ರಾಜ್ಯದ ಚರ್ಮ ಕೈಗಾರಿಕಾ ಅಭಿವೃದ್ಧಿ ನಿಗಮವಾಗಲಿ, 2023ರ ಸೆಪ್ಟೆಂಬರ್ 17ರಂದು ಆರಂಭವಾಗಿ ಚರ್ಮಕಾರರನ್ನೂ ಒಳಗೊಂಡು 18 ಕಸುಬುಗಳಿಗೆ ಸಲಕರಣೆಗಾಗಿ 15,000 ರೂಪಾಯಿಯವರೆಗೆ ನೆರವು ನೀಡುವ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯಾಗಲಿ ಅಗತ್ಯವಾದ ಬೆಂಬಲಗಳೇ. ಆದರೆ ಕೊಂಡ ಸಲಕರಣೆ ಎಲ್ಲ ಕೈಗಳಿಗೂ ಒಂದೇ ಅಳತೆಯದು. ಅದು ಮೊಂಡಾದಾಗ, ಮುರಿದಾಗ ಮತ್ತೆ ಬೇಕಾಗುವುದು ಉಕ್ಕನ್ನು ಬಲ್ಲ ತಿಳಿವಳಿಕೆಯೇ. ಕಸುಬುದಾರರ ನೆಲೆಗಳಲ್ಲಿ ಉಷ್ಣಮಾಪಕವುಳ್ಳ ಸಣ್ಣ ಕುಲುಮೆ, ಸಾಣೆಯಂತ್ರ, ರಕ್ಷಣಾ ಕನ್ನಡಕಗಳನ್ನು ಒದಗಿಸಿ, ಕಲಿಸುವ ಸ್ಥಾನದಲ್ಲಿ ಅನುಭವಿ ಚರ್ಮಕಾರರನ್ನೇ ಕೂರಿಸಿ ಗೌರವಧನ ಕೊಟ್ಟರೆ, ಇರುವ ಜ್ಞಾನಕ್ಕೆ ನಿಖರತೆಯೂ ಸುರಕ್ಷತೆಯೂ ಕೂಡಿಬರುತ್ತವೆ.

ಸಮಾರೋಪ

ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ದೊರೆತ ಭೌಗೋಳಿಕ ಸೂಚಿಯ ಮಾನ್ಯತೆ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳನ್ನೂ ಒಳಗೊಂಡಿದೆ. ವಸ್ತುವಿಗೆ ದೊರೆತ ಈ ಮಾನ್ಯತೆ ಅದನ್ನು ಸಾಧ್ಯವಾಗಿಸಿದ ಸಲಕರಣೆಗೂ ವಿಸ್ತರಿಸಬೇಕು. ವಸ್ತುಸಂಗ್ರಹಾಲಯಗಳು ರಂಪಿಗೆ, ಆರಿಗಳನ್ನು ಸಂಗ್ರಹಿಸುವಾಗ ಹೆಸರು, ಊರುಗಳ ಜೊತೆಗೆ ಲೋಹದ ಮೂಲ, ಕೊಟ್ಟ ಸಂಸ್ಕಾರ, ಬಾಯಿಯ ಕೋನ, ಮಾಡಿದವರ ಹೆಸರು ಇವನ್ನೂ ದಾಖಲಿಸಬೇಕು. ಜಾನಪದ ಅಧ್ಯಯನವೂ ಲೋಹಶಾಸ್ತ್ರವೂ ಕೂಡಿ ಈ ಕೆಲಸ ಮಾಡಬೇಕು. ಆಗ ಇದುವರೆಗೆ ದುಡಿಮೆಯೆಂದು ಮಾತ್ರ ಎಣಿಸಲ್ಪಟ್ಟ ಚರ್ಮಕಾರರ ಕೆಲಸ ಕರ್ನಾಟಕದ ತಂತ್ರಜ್ಞಾನದ ಚರಿತ್ರೆಯಲ್ಲಿ ತನಗೆ ಸಲ್ಲಬೇಕಾದ ಅಧ್ಯಾಯವನ್ನು ಪಡೆಯುತ್ತದೆ.