ನೀಡ್‌ಫುಲ್ ಯಾರ ಮನೆಯ ಕೂಸು?

‘ಡೂ ದಿ ನೀಡ್‌ಫುಲ್’ ಎಂದರೆ ನನ್ನ ಮೊಮ್ಮಗಳಿಗೆ ಮೈಯೆಲ್ಲ ಉರಿ. ಇದು ಇಂಡಿಯನ್ನರ ತಪ್ಪು ಇಂಗ್ಲಿಷ್ ಅಂತ ಅವಳ ಆಫೀಸಿನ ತರಬೇತಿಯಲ್ಲಿ ಹೇಳಿಕೊಟ್ಟಿದ್ದಾರೆ. ಕಂದಾಯ ಇಲಾಖೆಯಲ್ಲಿ ಕಾಗದ ಬರೆದೇ ತಲೆ ನರೆತ ನನಗೆ ಇದು ಒಪ್ಪಿಗೆಯಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲಿಷರೇ ತಮ್ಮ ಪತ್ರಗಳಲ್ಲಿ ಧಾರಾಳವಾಗಿ ಬಳಸುತ್ತಿದ್ದ ಮಾತು ಅದು. ಅಲ್ಲಿ ರೂಢಿ ತಪ್ಪಿತು, ನಮ್ಮ ಕಡತಗಳಲ್ಲಿ ಉಳಿಯಿತು.

‘ಔಟ್ ಆಫ್ ಸ್ಟೇಷನ್’ ಕಥೆಯೂ ಇದೇ. ರೈಲಿಗೂ ಅದಕ್ಕೂ ಸಂಬಂಧವಿಲ್ಲ. ದೊರೆಗಳನ್ನೂ ದಂಡನ್ನೂ ಇರಿಸಿದ ಊರಿಗೆ ಸ್ಟೇಷನ್ ಎನ್ನುತ್ತಿದ್ದರು. 1881ರಲ್ಲಿ ಮೈಸೂರನ್ನು ಒಡೆಯರಿಗೆ ಮರಳಿಸಿದಾಗಲೂ ಬ್ರಿಟಿಷರು ತಮ್ಮ ಕೈಯಲ್ಲೇ ಇಟ್ಟುಕೊಂಡ ಬೆಂಗಳೂರು ದಂಡಿನ ಹೆಸರೇ ‘ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್’. ಅಪ್ಪಣೆಯಿಲ್ಲದೆ ಸ್ಟೇಷನ್ ಬಿಡುವಂತಿಲ್ಲ. ನಾನೂ ರಜೆ ಅರ್ಜಿಯ ಕೊನೆಗೆ ‘ಕೇಂದ್ರಸ್ಥಾನ ಬಿಡಲು ಅನುಮತಿ ಕೋರಿ’ ಎಂದು ಬರೆದವನೇ. ಹೋಗುತ್ತಿದ್ದದ್ದು ಮಾತ್ರ ಪಕ್ಕದ ತಾಲ್ಲೂಕಿನ ಮಾವನ ಮನೆಗೆ.

ಕಲಿಸಿದವರೇ ಆಮೇಲೆ ನಗಲು ಕುಳಿತರು. ಎಫ್. ಆನ್‌ಸ್ಟಿ ಎಂಬಾತ ಬಂಗಾಳಿ ಬಾಬುವಿನ ಇಂಗ್ಲಿಷನ್ನು ಅಣಕಿಸಿ ಕಾದಂಬರಿ ಹೆಣೆದ. 1897ರಲ್ಲಿ ಅದು ಪುಸ್ತಕವಾಯಿತು. ಬೊಂಬಾಯಿಯ ಸಿವಿಲ್ ಅಧಿಕಾರಿ ಜಿ. ಸಿ. ವಿಟ್ವರ್ತ್ 1907ರಲ್ಲಿ ನಮ್ಮವರ ತಪ್ಪುಗಳನ್ನೇ ಆಯ್ದು ಇನ್ನೊಂದು ಪುಸ್ತಕ ತಂದ. ಅವನದು ಅಣಕವಲ್ಲ, ಮೇಷ್ಟರ ಶ್ರದ್ಧೆ.

ಇಂಗ್ಲಿಷರ ಮನೆಯೊಳಗಿನ ಜಗಳ ಇನ್ನೂ ಹಳೆಯದು. ನಾಟಕಕಾರ ಬೆನ್ ಜಾನ್ಸನ್ ವಾಕ್ಯದ ಕೊನೆಗೆ ಪ್ರಿಪೊಸಿಷನ್ ಇಟ್ಟನೆಂದು 1672ರಲ್ಲಿ ಕವಿ ಡ್ರೈಡನ್ ತಗಾದೆ ತೆಗೆದ. ತನ್ನದೇ 1668ರ ಪ್ರಬಂಧದಲ್ಲೂ ಅಂಥ ವಾಕ್ಯಗಳಿದ್ದವು. 1684ರ ಮುದ್ರಣದಲ್ಲಿ ಅವನ್ನು ಮೆಲ್ಲಗೆ ತಿದ್ದಿಕೊಂಡ. 1762ರಲ್ಲಿ ರಾಬರ್ಟ್ ಲೌತ್ ಎಂಬ ಪಾದ್ರಿ ವ್ಯಾಕರಣ ಬರೆದಾಗ, ಇಂಗ್ಲಿಷಿಗೆ ಈ ಚಾಳಿ ಬಹಳ ಎಂದು ಹೇಳುವ ವಾಕ್ಯವನ್ನೇ ‘ಟು’ ಎಂದು ಮುಗಿಸಿದ. ತಮಾಷೆಗೇ ಇರಬೇಕು. ಆ ತಮಾಷೆ ನಮ್ಮ ಹೈಸ್ಕೂಲು ಮೇಷ್ಟರವರೆಗೆ ಬರಲಿಲ್ಲ, ಬಂದದ್ದು ಬೆತ್ತ.

ಹಾಗೆಂದು ಎಲ್ಲಕ್ಕೂ ನಾನು ವಕಾಲತ್ತು ವಹಿಸುವುದಿಲ್ಲ. ‘ರಿಟರ್ನ್ ಬ್ಯಾಕ್’, ‘ಡಿಸ್ಕಸ್ ಅಬೌಟ್’ ಕಂಡರೆ ಈಗಲೂ ಕೈ ಕೆಂಪು ಮಸಿ ಹುಡುಕುತ್ತದೆ. ‘ಪ್ರಿಪೋನ್’ ಮಾತ್ರ ನನಗೆ ಅಚ್ಚುಮೆಚ್ಚು. ಪೋಸ್ಟ್‌ಪೋನ್ ಇದ್ದಮೇಲೆ ಅದೂ ಇರಬೇಕಲ್ಲವೇ? ಆದರೆ ನಮ್ಮ ಇಲಾಖೆಯಲ್ಲಿ ಅದನ್ನು ಬರೆಯುವ ಸಂದರ್ಭ ಒಮ್ಮೆಯೂ ಒದಗಲಿಲ್ಲ.